ದಿವಾನಖಾನೆಯ ಗೋಡೆಗೆ ಹಳೆಯ ಕುದುರೆ, ಸಾರೋಟಿನ ಚಿತ್ರಗಳು: ಯಾವುದನ್ನು ಎಲ್ಲಿ ತೂಗುಹಾಕುವುದು?

ಡಾನ್‌ಕಾಸ್ಟರ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಡಾನ್‌ಕಾಸ್ಟರ್ ಊರಾಚೆ ನಾವು ಕೊಂಡಿರುವ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಮುಂದಿನ ದೊಡ್ಡ ಕೋಣೆಯನ್ನು ದಿವಾನಖಾನೆಯಾಗಿಯೇ ಉಳಿಸಿಕೊಂಡಿದ್ದೇವೆ. ಅಲ್ಲಿ ಟಿ.ವಿ. ಇಲ್ಲ, ಕಂಪ್ಯೂಟರ್ ಇಲ್ಲ. ನೆಂಟರು ಬಂದಾಗ, ಹಬ್ಬಕ್ಕೆ ಸುತ್ತಲಿನ ಕನ್ನಡದ ಮನೆಯವರು ಸೇರಿದಾಗ ಕೂರುವ ಜಾಗ.

ಹತ್ತಿರದ ಹಳೆಯ ಮನೆಯೊಂದರ ಸಾಮಾನು ಹರಾಜಾದಾಗ ಐದು ಚಿತ್ರಗಳನ್ನು ತಂದೆವು. ಒಂದು ತೈಲಚಿತ್ರ: ಲಾಯದ ಬಾಗಿಲ ಬಳಿ ಕಂದುಗೆಂಪು ಕುದುರೆ, ಲಗಾಮು ಹಿಡಿದು ನಿಂತ ಹುಡುಗ, ಕೆಳಗೆ ಹುಲ್ಲು. ಸಹಿ ಇಲ್ಲ. ಉಳಿದ ನಾಲ್ಕು ಕಾಗದದ ಮೇಲಿನ ಅಚ್ಚಿನ ಚಿತ್ರಗಳು, ನಾಲ್ಕು ಕುದುರೆಗಳ ಪ್ರಯಾಣದ ಗಾಡಿಗಳು, ಕೈಯಿಂದ ಬಣ್ಣ ತುಂಬಿದವು.

ಕೋಣೆಯ ದಕ್ಷಿಣಕ್ಕೆ ದೊಡ್ಡ ಕಿಟಕಿಗಳಿವೆ. ಪೂರ್ವದ ಗೋಡೆಯಲ್ಲಿ ಅಮೃತಶಿಲೆಯ ಅಗ್ಗಿಷ್ಟಿಕೆ, ಚಳಿಗಾಲದಲ್ಲಿ ನಿಜವಾಗಿಯೂ ಬೆಂಕಿ ಹಾಕುತ್ತೇವೆ. ಪಶ್ಚಿಮಕ್ಕೆ ಉದ್ದನೆಯ ಖಾಲಿ ಗೋಡೆ. ಉತ್ತರದಲ್ಲಿ ಬಾಗಿಲು, ಅದರಾಚೆ ಪಡಸಾಲೆ. ಈಗ ಗೋಡೆಗಳೆಲ್ಲ ಬಿಳಿ. ಕುದುರೆಯನ್ನು ಅಗ್ಗಿಷ್ಟಿಕೆಯ ಮೇಲೆ ಹಾಕಿ, ಗಾಡಿಗಳನ್ನು ಎರಡೆರಡಾಗಿ ಅದರ ಅಕ್ಕಪಕ್ಕ ಜೋಡಿಸಬೇಕೆಂಬುದು ನಮ್ಮವರ ಆಸೆ. ತಿಳಿದವರು ದಯವಿಟ್ಟು ಹೇಳಿ.

ಚೌಕಟ್ಟಿನ ಕೆಲಸದವನು

ಮೇಡಂ, ಅಗ್ಗಿಷ್ಟಿಕೆಯ ಮೇಲೆ ಬೇಡ. ಬೆಂಕಿ ಹಾಕುವ ಮನೆಯಲ್ಲಂತೂ ಖಂಡಿತ ಬೇಡ. ಬೆಂಕಿ ಹಾಕಿದಾಗ ಕ್ಯಾನ್ವಾಸ್ ಒಣಗಿ ಬಿಗಿಯುತ್ತದೆ, ಆರಿದ ಮೇಲೆ ಮತ್ತೆ ತೇವ ಎಳೆದುಕೊಂಡು ಸಡಿಲವಾಗುತ್ತದೆ. ಮೇಲಿನ ಹಳೆಯ ಬಣ್ಣ ಆ ಎಳೆದಾಟಕ್ಕೆ ಹೊಂದಿಕೊಳ್ಳಲಾರದೆ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಜೊತೆಗೆ ಮಸಿ. ಹಳೆಯ ಇಂಗ್ಲಿಷ್ ಮನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲೆ ಕನ್ನಡಿ ಹಾಕುವ ವಾಡಿಕೆಯಿದೆ. ನೀವೂ ಅಲ್ಲಿ ಕನ್ನಡಿಯನ್ನೇ ಹಾಕಿ, ದಕ್ಷಿಣದ ಬೆಳಕು ಕೋಣೆಯೊಳಕ್ಕೆ ಹರಡುತ್ತದೆ.

ತೈಲಚಿತ್ರಕ್ಕೆ ನಿಮ್ಮ ಪಶ್ಚಿಮದ ಗೋಡೆಯೇ ಸರಿ. ಉತ್ತರದ ಗೋಡೆಗೆ ಹಾಕಿದರೆ ಕಿಟಕಿಯ ಪ್ರತಿಬಿಂಬ ನೇರವಾಗಿ ವಾರ್ನಿಷ್ ಮೇಲೆ ಬಿದ್ದು, ಕುದುರೆಯ ಬದಲು ಕಿಟಕಿಯೇ ಕಾಣುತ್ತದೆ. ಪಶ್ಚಿಮದ ಗೋಡೆಗೆ ಬೆಳಕು ಓರೆಯಾಗಿ ಬರುತ್ತದೆ. ಕುಂಚದ ಗೆರೆಗಳು, ಕುದುರೆಯ ಮೈಯ ಮಿರುಗು ತಾವಾಗಿಯೇ ಎದ್ದು ಕಾಣುತ್ತವೆ.

ಗೋಡೆಯ ಬಣ್ಣದ ವಿಷಯ. ಹಳೆಯ ತೈಲಚಿತ್ರ ಕಾಲ ಕಳೆದಂತೆ ಕಪ್ಪಾಗಿರುತ್ತದೆ. ಬಿಳಿ ಗೋಡೆಯ ಮೇಲೆ ಅದು ಗೋಡೆಗೆ ಕೊರೆದ ತೂತಿನಂತೆ ಕಾಣುತ್ತದೆ. ಹೊಳಪಿಲ್ಲದ ಗಾಢ ಹಸಿರು ಇಲ್ಲವೇ ಇಟ್ಟಿಗೆಗೆಂಪು ಬಳಿಸಿ ನೋಡಿ. ಚಿನ್ನದ ಚೌಕಟ್ಟು ಬೆಳಗುತ್ತದೆ, ಚಿತ್ರದೊಳಗಿನ ನೆರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಅಚ್ಚಿನ ಚಿತ್ರಗಳ ಅಭಿಮಾನಿ

ಗಾಡಿಗಳ ಬಗ್ಗೆ ಮಾತಾಡದೆ ಇರಲಾರೆ! ಚೌಕಟ್ಟಿನವರು ತೈಲಚಿತ್ರಕ್ಕೆ ಹೇಳಿದ್ದೆಲ್ಲ ಸರಿ. ಆದರೆ ಕಾಗದದ್ದು ಬೇರೆಯೇ ಸಂಸಾರ.

ಮೊದಲು ನಿಮ್ಮ ಗಾಡಿಗಳು ಯಾವುವೆಂದು ನೋಡಿ. ಮೇಲ್ಭಾಗ ಕಪ್ಪು, ಕೆಳಗಿನ ಫಲಕ ಕಡುಗೆಂಪು, ಚಕ್ರಗಳು ಕೆಂಪು, ಬಾಗಿಲ ಮೇಲೆ ರಾಜಲಾಂಛನ, ಹಿಂದುಗಡೆ ಕೆಂಪು ಕೋಟಿನ ಕಾವಲುಗಾರ ಒಬ್ಬನೇ ಕುಳಿತಿದ್ದರೆ ಅದು ಸರ್ಕಾರದ ಅಂಚೆಗಾಡಿ. ಆ ಕಾವಲುಗಾರನ ಬಳಿ ಒಂದು ಕಹಳೆ, ಒಂದು ಬಂದೂಕು ಇರುತ್ತಿದ್ದವು. ಗಾಡಿಯ ಮೈಮೇಲೆಲ್ಲ ಊರುಗಳ ಹೆಸರು ಬರೆದಿದ್ದು, ಮಾಳಿಗೆಯ ಮೇಲೆ ಜನ ಕಿಕ್ಕಿರಿದಿದ್ದರೆ ಅದು ಖಾಸಗಿಯವರ ಪ್ರಯಾಣದ ಗಾಡಿ. ಎರಡರ ನಡುವಿನ ಪೈಪೋಟಿಯೇ ಈ ಚಿತ್ರಗಳ ಜೀವ.

ಇಂಗ್ಲೆಂಡಿನ ಮೊದಲ ಅಂಚೆಗಾಡಿ 1784ರ ಆಗಸ್ಟ್ 2ರಂದು ಬ್ರಿಸ್ಟಲ್‌ನಿಂದ ಲಂಡನ್ನಿಗೆ ಹೊರಟಿತು. ಆ ಯೋಜನೆ ರೂಪಿಸಿದವರು ಜಾನ್ ಪಾಮರ್. ಸಂಜೆ ನಾಲ್ಕಕ್ಕೆ ಬಿಟ್ಟ ಗಾಡಿ ಮರುದಿನ ಬೆಳಿಗ್ಗೆ ಎಂಟಕ್ಕೆ ಲಂಡನ್ ಸೇರಿತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಬಂತು, ಅದೇ ವರ್ಷ ಅಂಚೆಯನ್ನೂ ಹೊರಲು ಶುರುಮಾಡಿತು. 1846ಕ್ಕೆ ಲಂಡನ್ನಿನಿಂದ ಹೊರಡುತ್ತಿದ್ದ ಅಂಚೆಗಾಡಿಗಳ ಕಾಲವೇ ಮುಗಿಯಿತು. ಅಷ್ಟೇ, ಅರವತ್ತು ಚಿಲ್ಲರೆ ವರ್ಷ. ಜೇಮ್ಸ್ ಪೊಲಾರ್ಡ್ (1792–1867), ಚಾರ್ಲ್ಸ್ ಕೂಪರ್ ಹೆಂಡರ್ಸನ್ (1803–1877) ಮೊದಲಾದ ಚಿತ್ರಕಾರರು ಈ ಗಾಡಿಗಳನ್ನು ಬರೆಯುತ್ತಿದ್ದಾಗಲೇ ಅವು ರಸ್ತೆಯಿಂದ ಮರೆಯಾಗುತ್ತಿದ್ದವು. ಲಂಡನ್ನಿನ ದೊಡ್ಡ ಅಂಚೆ ಕಚೇರಿಯ ಮುಂದಿನಿಂದ ಗಾಡಿಗಳು ಹೊರಡುವುದನ್ನು ಪೊಲಾರ್ಡ್ ಚಿತ್ರಿಸಿದ್ದು 1830ರಲ್ಲಿ, ರೈಲು ಬಂದ ವರ್ಷದಲ್ಲೇ.

ಈಗ ಕೆಲಸದ ಮಾತು. ಒಂದು ಭೂತಗನ್ನಡಿ ತೆಗೆದುಕೊಂಡು ಆಕಾಶದ ಭಾಗವನ್ನು ನೋಡಿ. ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಸಣ್ಣ ಕಣಗಳಿದ್ದರೆ ತಾಮ್ರದ ಫಲಕದಿಂದ ತೆಗೆದ ಅಕ್ವಾಟಿಂಟ್. ಸಾಲುಸಾಲಾಗಿ ಬಣ್ಣದ ಚುಕ್ಕೆಗಳಿದ್ದರೆ ಈಚಿನ ಯಂತ್ರದ ಅಚ್ಚು. ಚಿತ್ರದ ಕೆಳಗಿನ ಅಂಚಿನಲ್ಲಿ ಪ್ರಕಾಶಕರ ಹೆಸರು, ವಿಳಾಸ, ತಾರೀಖು ಇರಬೇಕು. ಕಾಗದವನ್ನು ಬೆಳಕಿಗೆ ಹಿಡಿದರೆ ‘ವಾಟ್‌ಮನ್’ ಎಂಬ ಕಾಗದ ತಯಾರಕರ ನೀರುಗುರುತೂ ಇಸವಿಯೂ ಕಂಡರೆ ಇನ್ನೂ ಒಳ್ಳೆಯದು. ಫಲಕದ ಮೇಲಿನ ತಾರೀಖು ಹಳೆಯದಿದ್ದು, ಕಾಗದದ ಇಸವಿ ಬಹಳ ಈಚಿನದಾಗಿದ್ದರೆ ಹಳೆಯ ಫಲಕದಿಂದ ಆಮೇಲೆ ತೆಗೆದ ಪ್ರತಿ ಎಂದರ್ಥ. ಅದರಲ್ಲೂ ಸೊಗಸಿದೆ, ಬೆಲೆ ಮಾತ್ರ ಕಡಿಮೆ.

ಡಾನ್‌ಕಾಸ್ಟರ್ ಕನ್ನಡತಿ

ಒಂದನ್ನು ಚೌಕಟ್ಟಿನಿಂದ ಬಿಡಿಸಿ ನೋಡಿದೆ. ಮರಳಿನಂಥ ಕಣಗಳೇ ಇವೆ. ಕೆಳಗೆ ಲಂಡನ್ನಿನ ಪ್ರಕಾಶಕರ ವಿಳಾಸವಿದೆ. ನಾಲ್ಕರಲ್ಲಿ ಮೂರು ಅಂಚೆಗಾಡಿಗಳು, ಒಂದು ಖಾಸಗಿ ಗಾಡಿ.

ಇನ್ನೊಂದು ಸಂಗತಿ ಕಂಡಿತು. ಸುತ್ತಲಿನ ರಟ್ಟಿನ ಕೆಳಗೆ ಮುಚ್ಚಿಕೊಂಡಿದ್ದ ಅಂಚಿನಲ್ಲಿ ಆಕಾಶ ಒಳ್ಳೆಯ ನೀಲಿ, ಬೆರಳಗಲದ ಪಟ್ಟಿ. ಅದರ ಪಕ್ಕದಲ್ಲೇ, ಬೆಳಕಿಗೆ ತೆರೆದಿದ್ದ ಕಡೆ ಬರೀ ಬೂದು. ಇಷ್ಟು ದಿನ ಮೋಡ ಕವಿದ ದಿನದ ಚಿತ್ರವೆಂದೇ ಎಲ್ಲರೂ ನೋಡಿರಬೇಕು. ಅದು ಬಿಸಿಲಿನ ದಿನ! ರಟ್ಟು ತಾಗಿದ್ದ ಗೆರೆಯುದ್ದಕ್ಕೂ ಕಾಗದ ಕಂದಾಗಿದೆ.

ಚೌಕಟ್ಟಿನ ಕೆಲಸದವನು

ಆ ಕಂದು ಗೆರೆ ಅಗ್ಗದ ರಟ್ಟಿನೊಳಗಿನ ಆಮ್ಲದ ಕೆಲಸ. ರಟ್ಟನ್ನು, ಹಿಂದಿನ ಹಲಗೆಯನ್ನು ತೆಗೆಸಿ, ಆಮ್ಲವಿಲ್ಲದ ರಟ್ಟು ಹಾಕಿಸಿ. ಗಾಜಿಗೂ ಕಾಗದಕ್ಕೂ ನಡುವೆ ಸಂದು ಇರಲೇಬೇಕು. ಹೋದ ನೀಲಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ವಸ್ತುಸಂಗ್ರಹಾಲಯಗಳಲ್ಲಿ ಕಾಗದದ ಚಿತ್ರಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಸಾಕೆನ್ನುತ್ತಾರೆ. ತೈಲಚಿತ್ರಕ್ಕೆ 200ರವರೆಗೆ ನಡೆಯುತ್ತದೆ. ನಿಮ್ಮ ದಕ್ಷಿಣದ ಕಿಟಕಿಗಳ ಬಿಸಿಲು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿದರೂ ಬಿಸಿಲಿನ ಹಾನಿ ಪೂರ್ತಿ ನಿಲ್ಲದು. ಅದಕ್ಕೇ ನಾನು ಹೇಳುವುದು, ಗಾಡಿಗಳು ಪಡಸಾಲೆಗೆ ಹೋಗಲಿ.

ಕರಾವಳಿಯ ಸೊಸೆ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಾವಿರುವುದು ಇಂಗ್ಲೆಂಡಿನ ದಕ್ಷಿಣದಲ್ಲಿ. ಇಲ್ಲಿ ಕುದುರೆಯ ಚಿತ್ರ ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ನರಿಬೇಟೆ. ಕೆಂಪು ಕೋಟು, ನಾಯಿಗಳ ಹಿಂಡು. ನನ್ನ ಅತ್ತೆಯವರು ಬಂದಾಗ ಕೂರುವ ಕೋಣೆಯಲ್ಲಿ ಅಂಥದ್ದನ್ನು ಹಾಕಲು ನನಗೆ ಮನಸ್ಸೇ ಬರುವುದಿಲ್ಲ. ಅದು ಕಲೆ, ಇತಿಹಾಸ ಎಂದು ಸ್ನೇಹಿತರು ಹೇಳುತ್ತಾರೆ. ನಿಮ್ಮೆಲ್ಲರ ಅಭಿಪ್ರಾಯವೇನು?

ಅಚ್ಚಿನ ಚಿತ್ರಗಳ ಅಭಿಮಾನಿ

ಹಾಕಬೇಡಿ, ಅಷ್ಟೇ. ಮನೆಗೆ ಬಂದ ಹಿರಿಯರು ಮುಖ ತಿರುಗಿಸಿಕೊಂಡು ಕೂರಬೇಕಾದಂಥ ಚಿತ್ರ ದಿವಾನಖಾನೆಗೆ ಸಲ್ಲದು. ಇಂಗ್ಲೆಂಡಿನಲ್ಲೇ ನಾಯಿ ಬಿಟ್ಟು ನರಿ ಕೊಲ್ಲುವ ಬೇಟೆಯನ್ನು 2004ರ ಕಾನೂನು ನಿಷೇಧಿಸಿದೆ. ಬೇಟೆ ಬಿಟ್ಟರೂ ಈ ಲೋಕದಲ್ಲಿ ಎಷ್ಟೊಂದು ಇದೆ: ಲಾಯ, ಮರಿಯೊಂದಿಗೆ ಹೆಣ್ಣುಕುದುರೆಗಳು, ಛತ್ರದ ಮುಂದೆ ಕುದುರೆ ಬದಲಿಸುವುದು, ಹಿಮದಲ್ಲಿ ಸಿಕ್ಕಿಬಿದ್ದ ಅಂಚೆಗಾಡಿ.

ಕುದುರೆಗಳ ಬಾಲ ಮೊಟಕಾಗಿರುವುದನ್ನೂ ಗಮನಿಸಿ. ಗಾಡಿಗೆ ಕಟ್ಟುವ ಕುದುರೆಗಳ ಬಾಲವನ್ನು ಮೂಳೆಸಮೇತ ಕತ್ತರಿಸುತ್ತಿದ್ದರು. ಬ್ರಿಟನ್ ಅದನ್ನು ಕಾನೂನಿನಿಂದ ನಿಲ್ಲಿಸಿದ್ದು 1949ರಲ್ಲಿ. ನೋವು ಈ ಚಿತ್ರಗಳಲ್ಲೂ ಇದೆ, ನಾವು ಅದನ್ನು ಕಂಡೂ ಕಾಣದಂತೆ ಇರಬಾರದು.

ವಿಜ್ಞಾನ ಮೇಷ್ಟ್ರು

ಓಡುವ ಕುದುರೆಯ ಚಿತ್ರ ಕೊಳ್ಳುವವರಿಗೆ ಒಂದು ಮಾತು. ಹಳೆಯ ಚಿತ್ರಗಳಲ್ಲಿ ನಾಗಾಲೋಟದ ಕುದುರೆ ಮುಂಗಾಲೆರಡನ್ನು ಮುಂದಕ್ಕೆ, ಹಿಂಗಾಲೆರಡನ್ನು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ, 1821ರಲ್ಲಿ ಫ್ರೆಂಚ್ ಚಿತ್ರಕಾರ ಜೆರಿಕೊ ಬರೆದ ಎಪ್ಸಮ್ ಕುದುರೆ ಪಂದ್ಯದ ಚಿತ್ರದಲ್ಲಿ ಎಲ್ಲ ಕುದುರೆಗಳೂ ಹೀಗೆಯೇ ಇವೆ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದರು. ಆಗ ನಿಜ ಗೊತ್ತಾಯಿತು. ನಾಲ್ಕು ಗೊರಸುಗಳೂ ನೆಲ ಬಿಡುವ ಕ್ಷಣ ಇದೆ, ಆದರೆ ಆಗ ಕಾಲುಗಳು ಹೊಟ್ಟೆಯಡಿ ಮಡಚಿ ಕೂಡಿರುತ್ತವೆ. ಚಾಚಿಕೊಂಡಿರುವುದಿಲ್ಲ.

ಆದ್ದರಿಂದ ಕಾಲು ಚಾಚಿದ ಕುದುರೆಯನ್ನು ಚಿತ್ರಕಾರನಿಗೆ ತಿಳಿಯದೆ ಬರೆದದ್ದೆಂದು ತಳ್ಳಿಹಾಕಬೇಡಿ. ಬರಿಗಣ್ಣಿಗೆ ವೇಗ ಕಾಣುವುದೇ ಹಾಗೆ. ಚಿತ್ರದ ಕಾಲ ಅಂದಾಜು ಮಾಡಲು ಇದೊಂದು ಗುರುತು. ಕಾಲುಗಳು ಕ್ಯಾಮೆರಾ ಕಂಡಂತೆ ಮಡಚಿಕೊಂಡಿದ್ದು, ಮಾರುವವರು 1820ರ ಚಿತ್ರವೆಂದರೆ ಎರಡು ಸಲ ಯೋಚಿಸಿ.

ಡಾನ್‌ಕಾಸ್ಟರ್ ಕನ್ನಡತಿ

ಮೇಷ್ಟ್ರೇ, ನಮ್ಮ ಕುದುರೆ ಓಡುತ್ತಿಲ್ಲ, ಸುಮ್ಮನೆ ನಿಂತಿದೆ. ಅದರ ಕಾಲ ತಿಳಿಯಲು ಏನು ದಾರಿ?

ಚೌಕಟ್ಟಿನ ಕೆಲಸದವನು

ಚಿತ್ರವನ್ನು ತಿರುಗಿಸಿ ಹಿಂಬದಿ ನೋಡಿ. ಕ್ಯಾನ್ವಾಸ್ ಮಾರಿದ ಅಂಗಡಿಯವರ ಮುದ್ರೆ ಅನೇಕ ಸಲ ಅಲ್ಲಿರುತ್ತದೆ. ಮೊಳೆಗಳು ಕೈಯಿಂದ ಹೊಡೆದ ಸಣ್ಣ ಕಬ್ಬಿಣದ ಮೊಳೆಗಳೋ, ಯಂತ್ರದಿಂದ ಹೊಡೆದ ಸ್ಟೇಪಲ್‌ಗಳೋ? ಚಿತ್ರ ಸ್ವಚ್ಛಗೊಳಿಸುವ ಗೊಡವೆಗೆ ಮಾತ್ರ ನೀವಾಗಿ ಹೋಗಬೇಡಿ. ಆಲೂಗಡ್ಡೆ, ಬ್ರೆಡ್ಡು, ಒದ್ದೆ ಬಟ್ಟೆ ಎಂದು ಅಂತರ್ಜಾಲದಲ್ಲಿ ಬರೆಯುತ್ತಾರೆ. ಯಾವುದನ್ನೂ ಮುಟ್ಟಿಸಬೇಡಿ. ಪರಿಣತರು ಮೊದಲು ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ಹಳೆಯ ರಾಳದ ವಾರ್ನಿಷ್ ಹಸಿರಾಗಿ ಮಿನುಗುತ್ತದೆ, ಆಮೇಲೆ ಹಚ್ಚಿದ ಬಣ್ಣ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಎಷ್ಟು ಮೂಲ, ಎಷ್ಟು ತೇಪೆ ಎಂದು ತಿಳಿದ ಮೇಲೆಯೇ ಮುಂದಿನ ಮಾತು.

ಡಾನ್‌ಕಾಸ್ಟರ್ ಕನ್ನಡತಿ

ಹಿಂಬದಿಯಲ್ಲಿ ಮಸುಕಾದ ಮುದ್ರೆ ಇದೆ: ವಿನ್ಸರ್ ಅಂಡ್ ನ್ಯೂಟನ್. ಮೊಳೆಗಳು ತುಕ್ಕು ಹಿಡಿದ ಸಣ್ಣ ಮೊಳೆಗಳು.

ಅಚ್ಚಿನ ಚಿತ್ರಗಳ ಅಭಿಮಾನಿ

ಆ ಅಂಗಡಿ ಶುರುವಾದದ್ದು 1832ರಲ್ಲಿ. ಹಾಗಾದರೆ ನಿಮ್ಮ ಚಿತ್ರ ಅದಕ್ಕಿಂತ ಹಿಂದಿನದಲ್ಲ. ಊರಿಂದೂರಿಗೆ ಹೋಗಿ ರೈತರ, ಜಮೀನ್ದಾರರ ಕುದುರೆಗಳನ್ನು ಬರೆದುಕೊಡುತ್ತಿದ್ದ ಚಿತ್ರಕಾರರು ಆಗ ಅನೇಕರಿದ್ದರು. ಸಹಿ ಇಲ್ಲವೆಂದು ಬೇಸರ ಬೇಡ. ನಿಮ್ಮೂರಿನ ನಂಟನ್ನೂ ನೋಡಿ. ಡಾನ್‌ಕಾಸ್ಟರ್‌ನ ಸೇಂಟ್ ಲೆಜರ್ ಕುದುರೆ ಪಂದ್ಯ 1776ರಿಂದ ನಡೆಯುತ್ತಿದೆ. ಅಲ್ಲಿ ನೆಲೆಸಿದ ಚಿತ್ರಕಾರ ಜಾನ್ ಫ್ರೆಡರಿಕ್ ಹೆರಿಂಗ್ (1795–1865) ಗಾಡಿಗಳ ಫಲಕಕ್ಕೆ, ಛತ್ರಗಳ ನಾಮಫಲಕಕ್ಕೆ ಬಣ್ಣ ಬಳಿದವರು, ಪ್ರಯಾಣದ ಗಾಡಿಯನ್ನು ತಾವೇ ಓಡಿಸಿದವರು. ಆಮೇಲೆ ಪಂದ್ಯ ಗೆದ್ದ ಕುದುರೆಗಳನ್ನು ವರ್ಷ ವರ್ಷವೂ ಚಿತ್ರಿಸಿದರು. ನಿಮ್ಮದು ಅವರದೆಂದು ಹೇಳುತ್ತಿಲ್ಲ. ಆದರೆ ಆ ಕೋಣೆಗೆ ಕುದುರೆ ಹೊರಗಿನದಲ್ಲ, ಆ ಊರಿನದೇ.

ಲೀಡ್ಸ್‌ನ ಗೃಹಾಲಂಕಾರದವಳು

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ವೃತ್ತಿ ಇದೇ ಆಗಿರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೇಡಂ, ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ರಾದರ್‌ಹ್ಯಾಮ್ ಬಳಿಯ ವೆಂಟ್‌ವರ್ತ್ ವುಡ್‌ಹೌಸ್ ಅರಮನೆಗೆ ಒಮ್ಮೆ ಹೋಗಿಬನ್ನಿ. ಅಲ್ಲೊಂದು ಬಿಳಿ, ಚಿನ್ನದ ಬಣ್ಣದ ಕೋಣೆಯಿದೆ. ಅದಕ್ಕೆ ಕುದುರೆಯ ಹೆಸರೇ ಇಟ್ಟಿದ್ದಾರೆ: ವಿಸಲ್‌ಜಾಕೆಟ್ ಕೋಣೆ. ಆ ಕುದುರೆಯ ಚಿತ್ರವನ್ನು ಅರಮನೆಯ ಒಡೆಯ ರಾಕಿಂಗ್‌ಹ್ಯಾಮ್ ಪ್ರಭುವಿಗಾಗಿ ಚಿತ್ರಕಾರ ಜಾರ್ಜ್ ಸ್ಟಬ್ಸ್ (1724–1806) ಸುಮಾರು 1762ರಲ್ಲಿ ಬರೆದರು. ಮೂಲ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1997ರಲ್ಲಿ 1.1 ಕೋಟಿ ಪೌಂಡ್ ಕೊಟ್ಟು ಕೊಂಡರು. ಅರಮನೆಯ ಕೋಣೆಯಲ್ಲಿರುವುದು ಪ್ರತಿ. ಚಿತ್ರದ ಎತ್ತರ ಸುಮಾರು 292 ಸೆಂಟಿಮೀಟರ್. ಹಿನ್ನೆಲೆಯಲ್ಲಿ ಮರವಿಲ್ಲ, ಬೆಟ್ಟವಿಲ್ಲ, ಸವಾರನಿಲ್ಲ, ಜೀನು ಕೂಡ ಇಲ್ಲ. ಕುದುರೆ ಮಾತ್ರ. ಸ್ಟಬ್ಸ್ ಚರ್ಮ ಹದಮಾಡುವವರ ಮಗ. ಲಿಂಕನ್‌ಶೈರ್‌ನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಸತ್ತ ಕುದುರೆಗಳ ಚರ್ಮ ಬಿಡಿಸಿ, ಸ್ನಾಯು, ಮೂಳೆಗಳನ್ನು ಒಂದೊಂದಾಗಿ ಬರೆದು ಕಲಿತವರು. ಆ ಕಲಿಕೆ ಇದ್ದುದರಿಂದಲೇ ಒಂಟಿ ಕುದುರೆ ಅಷ್ಟು ದೊಡ್ಡ ಕೋಣೆಯನ್ನು ಆಳುತ್ತದೆ.

ಅದನ್ನು ನೋಡಿದರೆ ನಾನು ಹೇಳಬೇಕೆಂದಿರುವುದು ನಿಮಗೆ ತಾನಾಗಿ ಅರ್ಥವಾಗುತ್ತದೆ. ದಿವಾನಖಾನೆಗೆ ಒಂದು ಚಿತ್ರ ಯಜಮಾನನಾಗಿರಲಿ. ಐದನ್ನೂ ಒಂದೇ ಕೋಣೆಗೆ ತುಂಬಿಸಿ, ಅದಕ್ಕೆ ಹೊಂದಲೆಂದು ಕುದುರೆಲಾಳ, ಚಾವಟಿ, ಹಿತ್ತಾಳೆಯ ಕುದುರೆ ತಲೆ ಎಲ್ಲ ತಂದಿಟ್ಟರೆ ಕೋಣೆ ಅಂಗಡಿಯಾಗುತ್ತದೆ.

ಎತ್ತರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚಿತ್ರಶಾಲೆಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 152 ಸೆಂಟಿಮೀಟರ್ ಇರುತ್ತದೆ. ಅದು ನಿಂತು ನೋಡುವವರಿಗೆ. ದಿವಾನಖಾನೆಯಲ್ಲಿ ಜನ ಕೂರುತ್ತಾರೆ. ಆದ್ದರಿಂದ ಇನ್ನೂ ಕೆಳಗೆ ತನ್ನಿ, ಸೋಫಾದ ಬೆನ್ನಿಗಿಂತ ಒಂದು ಗೇಣು ಮೇಲಿದ್ದರೆ ಸಾಕು. ನಿಮ್ಮ ಚಿತ್ರದಲ್ಲಿ ಕುದುರೆಯ ಜೊತೆ ಒಬ್ಬ ಹುಡುಗ ಇದ್ದಾನೆ ಎಂದಿರಿ. ಎದುರಿನ ಕುರ್ಚಿಯಲ್ಲಿ ಕುಳಿತವರ ಕಣ್ಣು ಅವನ ಮುಖಕ್ಕೆ ಸುಲಭವಾಗಿ ತಾಗಬೇಕು. ಈ ಚಿತ್ರಗಳನ್ನು ದುಡ್ಡು ಕೊಟ್ಟು ಬರೆಸಿದವರು ಕುದುರೆಯ ಒಡೆಯರು, ಆದರೆ ಚಿತ್ರದೊಳಗೆ ನಿಂತವರು ಲಾಯದ ಆಳುಗಳು. ಸ್ಟಬ್ಸ್ 1800ರಲ್ಲಿ ಬರೆದ ಹ್ಯಾಂಬಲ್‌ಟೋನಿಯನ್ ಎಂಬ ಕುದುರೆಯ ಚಿತ್ರ ಉತ್ತರ ಐರ್ಲೆಂಡಿನ ಮೌಂಟ್ ಸ್ಟೀವರ್ಟ್ ಮನೆಯಲ್ಲಿದೆ. ಪಂದ್ಯ ಗೆದ್ದು ಜೀವ ಹಣ್ಣಾದ ಕುದುರೆ, ಮೈ ಉಜ್ಜುವ ಬಟ್ಟೆ, ಕುದುರೆಯ ಪಕ್ಕದಲ್ಲೇ ನಿಂತು ನಮ್ಮನ್ನೇ ನೋಡುವ ಲಾಯದ ಆಳುಗಳು. ಗೆಲುವಿನ ಸಂಭ್ರಮ ಎಲ್ಲೂ ಇಲ್ಲ. ಆ ಚಿತ್ರದ ಹಣಕ್ಕಾಗಿ ಸ್ಟಬ್ಸ್ ಕುದುರೆಯ ಒಡೆಯನ ಮೇಲೆ ದಾವೆ ಹೂಡಬೇಕಾಯಿತು.

ಕುದುರೆ ಯಾವ ಕಡೆ ಮುಖ ಮಾಡಿದೆ ಎಂಬುದನ್ನೂ ಹೇಳಿ.

ಡಾನ್‌ಕಾಸ್ಟರ್ ಕನ್ನಡತಿ

ಬಲಕ್ಕೆ, ಅಂದರೆ ಪಶ್ಚಿಮದ ಗೋಡೆಗೆ ಹಾಕಿದರೆ ಬಾಗಿಲ ಕಡೆಗೆ. ಹುಡುಗ ಮಾತ್ರ ನಮ್ಮತ್ತ ತಿರುಗಿದ್ದಾನೆ. ಲಗಾಮನ್ನು ಕುದುರೆಯ ಗದ್ದದ ಹತ್ತಿರವೇ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಟೋಪಿ.

ಲೀಡ್ಸ್‌ನ ಗೃಹಾಲಂಕಾರದವಳು

ಹಾಗಿದ್ದರೆ ಗೋಡೆಯ ಸರಿಯಾದ ನಡುವಿಗಿಂತ ತುಸು ಎಡಕ್ಕೆ, ಕಿಟಕಿಯ ಕಡೆಗೆ ಸರಿಸಿ. ಕುದುರೆಯ ಮುಂದೆ ಗೋಡೆ ಖಾಲಿ ಉಳಿಯುತ್ತದೆ, ಅದಕ್ಕೆ ಹೆಜ್ಜೆ ಇಡಲು ಜಾಗ ಸಿಗುತ್ತದೆ. ಮೂಲೆಗೆ ಮೂತಿ ತಾಗಿಸಿದ ಕುದುರೆ ನೋಡುವವರನ್ನೂ ಕೋಣೆಯಿಂದ ಹೊರಗೆ ಎಳೆಯುತ್ತದೆ.

ಅರಮನೆ ಊರಿನವರು

ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಅರಮನೆಯ ಕಲ್ಯಾಣಮಂಟಪಕ್ಕೆ ಹೋದವರು ನವಿಲಿನ ಗಾಜಿನ ಮಾಡು ನೋಡಿ ತಲೆ ಎತ್ತಿಕೊಂಡೇ ಹೊರಬರುತ್ತಾರೆ. ಗೋಡೆಗಳನ್ನೂ ನೋಡಬೇಕು. ದಸರಾ ಮೆರವಣಿಗೆ ಅಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಸಾಗುತ್ತದೆ: ಆನೆ, ಅಶ್ವದಳ, ಸಾರೋಟು, ಬೀದಿಬದಿಯ ಜನ. ಸಾಲಾಗಿ ತೂಗುಹಾಕಿದ ಚಿತ್ರಗಳು ಜೊತೆಯಾಗಿ ಚಲಿಸುವುದೆಂದರೇನು ಎಂಬುದು ಅಲ್ಲಿ ಗೊತ್ತಾಗುತ್ತದೆ. ನಿಮ್ಮ ನಾಲ್ಕು ಗಾಡಿಗಳಿಗೂ ಆ ನಿಯಮವೇ ಇರಲಿ.

ಇನ್ನೊಂದು ಸಲಹೆ. ಮೈಸೂರು ಯುದ್ಧಗಳಾದ ಮೇಲೆ ಟಿಪ್ಪುವಿನ ಬಗ್ಗೆ, ಒತ್ತೆಯಾಳಾದ ಅವನ ಮಕ್ಕಳ ಬಗ್ಗೆ, ಶ್ರೀರಂಗಪಟ್ಟಣದ ಬಗ್ಗೆ ಲಂಡನ್ನಿನಲ್ಲಿ ಅಚ್ಚಿನ ಚಿತ್ರಗಳು ರಾಶಿ ರಾಶಿಯಾಗಿ ಬಂದವು. ಇಂಗ್ಲೆಂಡಿನ ಹರಾಜುಗಳಲ್ಲಿ ಕಂಡರೆ ಒಂದನ್ನು ಕೊಂಡು ಸೇರಿಸಿ. ಮೈಸೂರಿನವರ ಯುದ್ಧವನ್ನು ನಮ್ಮವರೇ ಬರೆದ ಬಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಗಳ ಮೇಲಿದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಕುದುರೆ ಸವಾರರು ಎಲ್ಲ ದಿಕ್ಕಿನಿಂದ ನುಗ್ಗುತ್ತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಬ್ರಿಟಿಷರ ದಂಡನಾಯಕ ಕರ್ನಲ್ ಬೇಲಿ. ನಿಮ್ಮ ಮಕ್ಕಳಿಗೆ ಎರಡನ್ನೂ ತೋರಿಸಿ.

ಚೌಕಟ್ಟಿನ ಕೆಲಸದವನು

ಸಲಹೆ ಚೆನ್ನಾಗಿದೆ ಸಾರ್, ಆದರೆ ಗಾಡಿಗಳ ಸಾಲಿನೊಳಗೆ ಬೇಡ. ಯುದ್ಧದ ಚಿತ್ರಕ್ಕೆ ಅದರದೇ ಗೋಡೆ ಬೇಕು, ಓದಿನ ಕೋಣೆಯಲ್ಲೋ ಮೆಟ್ಟಿಲ ಬಳಿಯೋ.

ಡಾನ್‌ಕಾಸ್ಟರ್ ಕನ್ನಡತಿ

ಎಲ್ಲರಿಗೂ ಧನ್ಯವಾದಗಳು. ನಮ್ಮವರೂ ಒಪ್ಪಿದ್ದಾರೆ. ಪಶ್ಚಿಮದ ಗೋಡೆಗೆ ಗಾಢ ಹಸಿರು ಬಳಿಸುತ್ತೇವೆ, ಕುದುರೆ ಅಲ್ಲಿ ಒಂದೇ ಇರುತ್ತದೆ. ಅಗ್ಗಿಷ್ಟಿಕೆಯ ಮೇಲೆ ಕನ್ನಡಿ. ಗಾಡಿಗಳು ಪಡಸಾಲೆಗೆ.

ಒಂದು ತೊಡಕು ಉಳಿದಿದೆ. ಮೂರು ಅಂಚೆಗಾಡಿಗಳು ಬಲಕ್ಕೆ, ಮುಂಬಾಗಿಲ ದಿಕ್ಕಿಗೆ ಹೊರಟಿವೆ. ಖಾಸಗಿ ಗಾಡಿ ಮಾತ್ರ ಎಡಕ್ಕೆ ಬರುತ್ತಿದೆ. ಅದನ್ನು ಬೇರೆ ಕಡೆ ಹಾಕಲೇ?

ಅಚ್ಚಿನ ಚಿತ್ರಗಳ ಅಭಿಮಾನಿ

ಬೇರೆ ಮಾಡಬೇಡಿ! ಅದನ್ನು ಸಾಲಿನ ಬಲತುದಿಗೆ, ಮುಂಬಾಗಿಲ ಪಕ್ಕಕ್ಕೆ ಹಾಕಿ. ಅಂಚೆಗಾಡಿಗಳು ಊರು ಬಿಟ್ಟು ಹೋಗುತ್ತಿರಲಿ, ಖಾಸಗಿ ಗಾಡಿ ಪ್ರಯಾಣಿಕರನ್ನು ಹೊತ್ತು ಎದುರಿನಿಂದ ಮನೆಯೊಳಕ್ಕೆ ಬರುತ್ತಿರಲಿ. ಕಹಳೆ ಕೇಳಿದರೆ ಉಳಿದ ಗಾಡಿಗಳು ಅಂಚೆಗೆ ದಾರಿ ಬಿಡಬೇಕಿತ್ತು. ಆದ್ದರಿಂದ ಅದಕ್ಕೂ ಮೂರನೆಯ ಅಂಚೆಗಾಡಿಗೂ ನಡುವೆ ಉಳಿದವುಗಳಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಿ.

ಚೌಕಟ್ಟಿನ ಕೆಲಸದವನು

ಪಡಸಾಲೆಯ ಗೋಡೆ ಹೊರಗೋಡೆಯಾಗಿದ್ದರೆ ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿ, ಹಿಂದೆ ಗಾಳಿ ಆಡಲಿ. ಇಲ್ಲದಿದ್ದರೆ ತಣ್ಣನೆಯ ಗೋಡೆಯ ತೇವ ಕಾಗದಕ್ಕೆ ಏರುತ್ತದೆ. ತೈಲಚಿತ್ರಕ್ಕೆ ಒಂದು ಕೊಕ್ಕೆ ಸಾಲದು, ಎರಡು ಹಾಕಿಸಿ. ತೂಗುಹಾಕುವ ಮೊದಲು ಹಳೆಯ ತಂತಿಯನ್ನು ಎಸೆದು ಹೊಸದನ್ನು ಕಟ್ಟಿಸಿ.